ಪ್ಲಾಸ್ಟರಿನೊಳಗಿನ ಕಾಲು

ಯುದ್ಧ ಹತ್ತಿ ನಮ್ಮ ಬಂದರು ನಗರ ಸೆವಸ್ತೊಪೋಲಿಗೆ ಫಿರಂಗಿ ಗುಂಡು ಬೀಳತೊಡಗಿದ ಮೇಲೆ, ಕಾಲಿನ ಮೂಳೆ ಮುರಿದುಕೊಂಡು ನಮ್ಮ ಆಸ್ಪತ್ರೆಗೆ ಬಂದವರು ಕಾಲಿನೊಂದಿಗೆ ವಾಪಸ್ಸು ಹೋದದ್ದನ್ನು ನಾನಂತೂ ಕಂಡಿರಲಿಲ್ಲ. ಅಂಥಲ್ಲಿಗೆ ಹೊಸ ಡಾಕ್ಟರ್ ಬಂದು, ಕಾಲು ಕತ್ತರಿಸುವುದೇ ಬೇಡ, ಪ್ಲಾಸ್ಟರ್ ಕಲಸಿದ ನೀರಿನಲ್ಲಿ ಹಳೆ ಬಟ್ಟೆ ಅದ್ದಿ ಸುತ್ತಿದರೆ ಗಟ್ಟಿಯಾಗಿ ನಿಂತು ಮೂಳೆ ತಾನೇ ಕೂಡುತ್ತದೆ ಎಂದ. ಶಿಲ್ಪಿಗಳು ಬೊಂಬೆ ಮಾಡುವ ಪ್ಲಾಸ್ಟರ್ ಅದು. ಸತ್ತವರ ಅಂಗಿ, ಕಾಲುಚೀಲ ಹರಿದು ಪಟ್ಟಿ ಮಾಡುವ ಕೆಲಸ ದಾದಿಯಾದ ನನ್ನ ಪಾಲಿಗೆ ಬಂತು. ನನಗೆ ನಂಬಿಕೆ ಇರಲಿಲ್ಲ.

ಮೊದಲು ಹಾಕಿದ್ದು ನಾವಿಕ ಎಫೀಮನಿಗೆ. ಪ್ರಜ್ಞೆ ತಪ್ಪಿಸುವ ಔಷಧಿ ಮೂಸಿಸಿದ್ದರು. ಎಚ್ಚರವಾದಾಗ ತೊಡೆಯಿಂದ ಬೆರಳ ತುದಿಯವರೆಗೂ ಬೆಳ್ಳಗೆ ಮೆತ್ತಿತ್ತು.

"ಅಕ್ಕಾ, ಇದರೊಳಗೆ ಕಾಲಿದೆಯಾ?" ಎಂದ.

ಇದೆ ಕಣಪ್ಪ, ಬೆರಳು ಆಡಿಸಿ ನೋಡು ಎಂದೆ. ಆಡಿಸಿದ. ಹೊರಗೇನೂ ಕಾಣಲಿಲ್ಲ; ಒಳಗೆ ತುರಿಸುತ್ತಿದೆ ಎಂದು ನಕ್ಕ. ಪಕ್ಕದ ಮಂಚದ ಸಿದೋರ್ ಸುಮ್ಮನಿರಬಾರದೇ? ಅವನ ಒಂದು ಕಾಲನ್ನು ಮೊಣಕಾಲಿನ ಮೇಲಕ್ಕೇ ಕತ್ತರಿಸಿದ್ದರು.

"ತುರಿಸೋದೇನು ಮಹಾ? ನಂದೂ ತುರಿಸ್ತದೆ. ಈಗ್ಲೂ ಬೆರಳು ಆಡಿಸ್ತಿದೀನಿ, ನೋಡು," ಎಂದು ಹೊದಿಕೆ ಎತ್ತಿ ಖಾಲಿ ಜಾಗ ತೋರಿಸಿದ.

ಎಫೀಮನ ನಗು ಅಲ್ಲೇ ನಿಂತಿತು. ಆಮೇಲೆ ಅವನಿಗೆ ಒಂದೇ ಗುಂಗು. ಕಾಲು ಕತ್ತರಿಸಿದ್ದಾರೆ, ರಂಪ ಮಾಡದಿರಲೆಂದು ಬೊಂಬೆ ಕಾಲು ಅಂಟಿಸಿದ್ದಾರೆ. ಗಂಜಿ ಮುಟ್ಟಲಿಲ್ಲ. ಬಿಚ್ಚಿ ತೋರಿಸಿ ಎಂದು ಡಾಕ್ಟರನ್ನು ಕೇಳಿದ. ಈಗ ಬಿಚ್ಚಿದರೆ ಮೂಳೆ ಜರುಗಿ ನಿಜಕ್ಕೂ ಕತ್ತರಿಸಬೇಕಾದೀತು ಎಂದು ಡಾಕ್ಟರ್ ಗದರಿದ.

"ಕೇಳಿದ್ಯಾ ಅಕ್ಕಾ? ನೋಡಿದ್ರೆ ಹೋಗ್ತದಂತೆ. ಚೀಲ ಬಿಚ್ಚಬೇಡಿ ಅನ್ನೋ ಅಂಗಡಿಯವನ ಹತ್ರ ನೀನು ಹಿಟ್ಟು ತಗೋತೀಯಾ?"

ಚಮಚದಿಂದ ಅಂಚು ಕೆರೆಯತೊಡಗಿದ. ಚಮಚ ಕಿತ್ತುಕೊಂಡೆ, ಆದರೆ ನನ್ನ ತಲೆಗೂ ಹುಳ ಹೊಕ್ಕಿತ್ತು. ಅವನಿಗೆ ಪಟ್ಟಿ ಸುತ್ತುವಾಗ ನಾನು ಶಸ್ತ್ರಚಿಕಿತ್ಸೆಯ ಕೋಣೆಯೊಳಗಿರಲಿಲ್ಲ. ಅಂದು ಆ ಕೋಣೆಯಿಂದ ಬಕೆಟ್ ಹೊತ್ತು ಗುಂಡಿಗೆ ಸುರಿದವಳು ನಾನೇ. ಅದರಲ್ಲಿದ್ದ ಕಾಲುಗಳು ಯಾರವೆಂದು ನೋಡುವ ಧೈರ್ಯ ಬಂದಿರಲಿಲ್ಲ. ಡಾಕ್ಟರ್ ನನ್ನ ಮುಖ ನೋಡದೆ ಮಾತಾಡಿದಾಗಲೆಲ್ಲ ಎಫೀಮನ ಮಾತೇ ನಿಜವೇನೋ ಅನಿಸುತ್ತಿತ್ತು.

ಮರುದಿನ ಬೆಳಿಗ್ಗೆ ಡಾಕ್ಟರ್ ಬರುವ ಮುಂಚೆ ಬ್ರೆಡ್ ಕೊಯ್ಯುವ ಚಾಕು ತಂದೆ. ಕಾಲು ಅಲುಗದಂತೆ ಒತ್ತಿ ಹಿಡಿದು, ಮುರಿದ ಜಾಗದಿಂದ ದೂರ, ಪ್ಲಾಸ್ಟರಿನ ತುದಿಯನ್ನಷ್ಟೇ ಕೊರೆದೆ. ಒಂದು ತುಂಡು ಕಳಚಿತು. ಒಳಗಿನಿಂದ ಕೊಳೆ ಮೆತ್ತಿದ ಹೆಬ್ಬೆರಳು ಇಣುಕಿತು. ಉಗುರು ಸೊಟ್ಟ.

ಎಫೀಮ ಅದನ್ನೂ ಅನುಮಾನದಿಂದಲೇ ನೋಡಿದ. ಆಡಿಸಿದ. ಅದು ಆಡಿತು. ಸೊಟ್ಟ ಉಗುರಿನ ಗುರುತು ಹಿಡಿದು ಗೊಳೋ ಎಂದು ಅತ್ತ. ನನಗೂ ಅಳು ತಡೆಯಲಾಗಲಿಲ್ಲ. ಡಾಕ್ಟರ್ ಬಂದು ಬಾಯಿಗೆ ಬಂದಂತೆ ಬೈದ. ಆದರೆ ಅಂದಿನಿಂದ ಯಾರ ಕಾಲಿಗೆ ಸುತ್ತಿದರೂ ಬೆರಳುಗಳನ್ನು ಹೊರಗೆ ಬಿಟ್ಟೇ ಸುತ್ತಿದ.

ಸಿದೋರ್ ಮಾತ್ರ ಆ ಬೆರಳನ್ನೇ ನೋಡುತ್ತಿದ್ದ. ಡಾಕ್ಟರ್ ಅತ್ತ ಹೋದ ಮೇಲೆ ನನ್ನನ್ನು ಕರೆದ.

"ಅಕ್ಕಾ, ಅವನ ಬೆರಳು ಒಂಚೂರು ಕೆರೀತೀಯಾ? ನಂದೇ ಅಂದ್ಕೊಂಡು ನಾನು ನೋಡ್ತಿರ್ತೀನಿ. ನಂದು ತುಂಬ ತುರಿಸ್ತಿದೆ."

ಎಫೀಮ ಬೇಡ ಅನ್ನಲಿಲ್ಲ. ನಾನು ಕೆರೆದೆ.