ಬೆಳದಿಂಗಳ ಊಟಕ್ಕೊಂದು ದೋಣಿ

"ಯಾವ್ದು ಬೇಕು ಹೇಳಿ ನೀನೇ ನೋಡು. ನಂಗೆ ಎಂತದೂ ಇಲ್ಲೆ," ಎಂದು ಶಾಂತಾರಾಮ ಛತ್ರಿಯ ತುದಿಯಿಂದ ದೋಣಿಗಳ ಕಡೆ ತೋರಿಸಿದ.

ಮೂಕಾಂಬಿಕಾ ಹೊನ್ನಾವರದ ಬಂದರಿನ ಕಟ್ಟೆಯ ಮೇಲೆ ಸೆರಗನ್ನು ಬಿಗಿಯಾಗಿ ಹೊದ್ದು ನಿಂತಿದ್ದಳು. ಗೇರುಸೊಪ್ಪೆಯಿಂದ ಬಂದ ಲಾಂಚು ಜನರನ್ನು ಇಳಿಸಿ ಇನ್ನೂ ಹೊಗೆ ಉಗುಳುತ್ತಿತ್ತು. ಅದರಾಚೆ ಚಾಪೆಯ ಮಾಡು ಹಾಕಿದ ದೊಡ್ಡ ದೋಣಿ. ಅದರ ಮಗ್ಗುಲಲ್ಲಿ ಒಂದೇ ಮರ ಕೊರೆದು ಮಾಡಿದ ಪಾತಿ. ಅಂಬಿಗನನ್ನು ಬಿಟ್ಟರೆ ಇಬ್ಬರಿಗಷ್ಟೇ ಜಾಗ.

ನಾತಾಳದ, ಅಂದರೆ ಕ್ರಿಸ್‌ಮಸ್ಸಿನ, ರಜೆಗೆ ಕೋರ್ಟು ಮುಚ್ಚಿದ್ದರಿಂದ ಅವರು ಧಾರವಾಡದಿಂದ ಬಂದಿದ್ದರು. ಕುಮಟೆಯಲ್ಲಿ ಇಳಿದು, ಧಾರೇಶ್ವರದಲ್ಲಿ ಹಣ್ಣುಕಾಯಿ ಮಾಡಿಸಿ, ಹೊನ್ನಾವರದಲ್ಲಿ ಬಿಡಾರ ಮಾಡಿದ್ದರು. ಹುಣ್ಣಿಮೆ ಹತ್ತಿರವಿತ್ತು. ಹೊಳೆಯ ಮೇಲೆ ಬೆಳದಿಂಗಳ ಊಟ ಮಾಡೋಣವೆಂದು ಹೇಳಿದವನೂ ಅವನೇ, ದೋಣಿ ನೀನೇ ಆರಿಸು ಎಂದವನೂ ಅವನೇ. ಮದುವೆಯಾಗಿ ಹನ್ನೊಂದು ವರ್ಷಗಳಲ್ಲಿ ಅವನು ಒಂದು ಪರದೆಯ ಬಟ್ಟೆಯನ್ನೂ ಅವಳನ್ನು ಕೇಳಿ ತಂದವನಲ್ಲ. ಕಾಲೇಜು ಓದಿದ ಹೆಂಡತಿ ಎಂದು ನಾಲ್ಕು ಜನರೆದುರು ಹೇಳಿಕೊಳ್ಳುತ್ತಿದ್ದ, ಅಷ್ಟೇ. ಅದಕ್ಕೇ ಅವಳಿಗೆ ಸಂತೋಷದ ಜೊತೆ ಭಯವೂ ಆಯಿತು. ಅವನ ಮುಖವನ್ನು ಕದ್ದು ನೋಡಿದಳು. ಅವನು ಲಾಂಚನ್ನು ನೋಡುತ್ತಿದ್ದ.

ಅವಳಿಗೆ ಪಾತಿ ಬೇಕಿತ್ತು. ಅವನು ಎದ್ದು ಹೋಗಲಾಗದ ಒಂದು ಜಾಗ ಬೇಕಿತ್ತು. ಮಕ್ಕಳಾಗಲಿಲ್ಲವೆಂದು ಅತ್ತೆ ಎತ್ತಿದ ಎರಡನೆಯ ಮದುವೆಯ ಮಾತನ್ನು ಅವನು ಮೊದಲೆಲ್ಲ ತಳ್ಳಿಹಾಕುತ್ತಿದ್ದ. ಈ ದಸರೆಯಿಂದೀಚೆಗೆ ಬೇಡವೆನ್ನುವುದನ್ನು ಬಿಟ್ಟಿದ್ದ. ಕೇಳಿದರೆ ಪೇಪರು ಮಡಚಿ ಹೊರಗೆ ಹೋಗುತ್ತಿದ್ದ. ಭಾವನ ಕಿರಿಯ ಮಗನನ್ನು ದತ್ತು ತೆಗೆದುಕೊಳ್ಳೋಣ ಎಂದು ಅವನಿಗೆ ಹೇಗೆ ಹೇಳಬೇಕೆಂದು ಅವಳು ದಾರಿಯುದ್ದಕ್ಕೂ ಮಾತು ತೂಗಿಕೊಂಡು ಬಂದಿದ್ದಳು. 'ನಾನು ಬೇಡುತ್ತೇನೆ' ಎನ್ನುವುದನ್ನು ತೆಗೆದು 'ನನಗನ್ನಿಸುತ್ತದೆ' ಎಂದು ಮಾಡಿಕೊಂಡಿದ್ದಳು.

"ಪಾತಿ ಸಾಕು. ನಾವಿಬ್ರೇ ಅಲ್ದ?" ಎಂದಳು.

"ಪಾತಿಯಾ?" ಅವನು ನಕ್ಕ. "ನಡು ಹೊಳೆಲಿ ಗಾಳಿ ಬಂದ್ರೆ ತೊಟ್ಟಿಲ ಹಾಂಗೆ ತೂಗ್ತು. ಬಾವಿ ಬಗ್ಗಿ ನೋಡಲೆ ಹೆದರವ್ಳು ನೀನು."

"ಹೆದರ್ತ್ನಿಲ್ಲೆ."

"ಎಲೆ ಹಾಕ್ಯಂಡು ಉಣ್ಣಲೆ ಜಾಗ ಬ್ಯಾಡ್ದ? ಸರಿ, ನಿನ್ನಿಷ್ಟ. ನಾ ಎಂತಕ್ಕೆ ಹೇಳ್ಲಿ."

ಆ 'ನಿನ್ನಿಷ್ಟ'ದ ಸಪ್ಪಳ ಅವಳಿಗೆ ಗುರುತಿತ್ತು. ಈಗ ಹಟ ಮಾಡಿದರೆ ಊಟ ಮುಗಿಯುವವರೆಗೂ ಅವನು ತುಟಿ ಬಿಚ್ಚುವುದಿಲ್ಲ. ಇದೊಂದರಲ್ಲಿ ಸೋತುಕೊಟ್ಟರೆ, ಆಮೇಲೆ ತನ್ನ ಮಾತಿಗೆ ಕಿವಿಗೊಟ್ಟಾನು.

"ಆತು, ದೊಡ್ಡದೇ ಆಗ್ಲಿ," ಎಂದಳು.

ದೊಡ್ಡ ದೋಣಿಯ ಅಂಬಿಗ ಬೊಮ್ಮಯ್ಯ ಹಲಗೆ ಹಾಕಿ ಕೈನೀಡಿದ. "ನೋಡಿ ಹತ್ತಿ ಅಮ್ಮ. ಹೆದ್ರಬೇಡಿ, ಎಂತ ಆಗುದಿಲ್ಲ." ಒಳಗೆ ಹೊಸ ಚಾಪೆಗಳನ್ನು ಆಗಲೇ ಹಾಸಿತ್ತು. ಕಂದೀಲು ತೂಗುತ್ತಿತ್ತು. ಬಿಡಾರದ ಅಡಿಗೆಯವನು ಕಳಿಸಿದ ಪಾತ್ರೆಗಳು ಸಾಲಾಗಿ ಕುಳಿತಿದ್ದವು. ಪಾಯಸದ್ದು ಮದುವೆಮನೆಯ ತಪ್ಪಲೆಯಷ್ಟಿತ್ತು.

"ಇಷ್ಟು ಬೇಗ ಎಲ್ಲ ತಯಾರು ಮಾಡಿದ್ಯಲ ಬೊಮ್ಮಯ್ಯ?"

"ಬೇಗ ಎಲ್ಲಿ ಬಂತು ಅಮ್ಮ? ನಿನ್ನೆ ಬೈಗಿಗೇ ಒಡೆಯರು ಹೇಳಿ ಹೋಗಿದ್ರಲ. ಮಾವಿನಕುರ್ವೆಲಿ ದೋಣಿ ಹಚ್ಚಬೇಕು, ಮತ್ತೂ ಜನ ಹತ್ತುಕೆ ಇದ್ರು ಅಂದಿದ್ರು. ಆ ಪಾತಿ ನಮ್ಮದೇ, ಅದು ನೀರು ಕುಡಿತದೆ. ಯಾರ ಕೇಳಿರೂ ನಾ ಕೊಡುದಿಲ್ಲ."

ಅವಳು ಗಂಡನ ಕಡೆ ತಿರುಗಿದಳು. ಅವನು ಕೋಟು ಬಿಚ್ಚಿ ಮಡಚುತ್ತಿದ್ದ.

"ಕಕ್ಷಿದಾರರು. ಮಹಾಗಣಪತಿ ಭಟ್ರು ಹೇಳಿ. ಅವ್ರ ಊರಿನ ಎದುರೇ ದೋಣಿ ತಗಂಡು ಹೋಪಾಗ ಕರೆಯದ್ದೆ ಹ್ಯಾಂಗೆ? ನಿಂಗೆ ಹೇಳಲೆ ಮರ್ತೋತು."

ಕಕ್ಷಿದಾರರು. ಅವಳ ಎದೆಯಿಂದ ಒಂದು ಭಾರ ಇಳಿಯಿತು. ತಾನೇನು ಊಹಿಸಿಕೊಂಡೆನೆಂದು ನಾಚಿಕೆಯಾಯಿತು. ಎಲ್ಲದರಲ್ಲೂ ಹುಳುಕು ಹುಡುಕುವ ಬುದ್ಧಿ ತನ್ನದು. ಇದಕ್ಕೇ ಅವನು ದೂರವಾಗುತ್ತಿದ್ದಾನೋ ಏನೋ. ಮಾತಾಡಲು ನಾಳೆಯೂ ಇದೆ. ಇವತ್ತು ಬಂದವರನ್ನು ಚೆನ್ನಾಗಿ ನೋಡಿಕೊಂಡರಾಯಿತು.

ಮಾವಿನಕುರ್ವೆಯ ದಂಡೆಯಲ್ಲಿ ಭಟ್ಟರು, ಅವರ ಹೆಂಡತಿ, ಮಗಳು ಕಾದು ನಿಂತಿದ್ದರು. ಹುಡುಗಿಗೆ ಹದಿನೇಳರ ಆಸುಪಾಸು. ಸೀರೆ ಹೊಸದು, ನೆರಿಗೆ ಇನ್ನೂ ಮಣಿದಿರಲಿಲ್ಲ. ಹೆಸರು ಕಮಲಿ ಎಂದು ತಾಯಿ ಹೇಳಿದಳು. ದೋಣಿ ಮತ್ತೆ ಹೊರಡುತ್ತಲೂ ಬೆಟ್ಟದ ಮೇಲೆ ಚಂದ್ರ ಬಂದ.

ಮುತ್ತೈದೆ ಬಂದರೂ ಕನ್ಯೆ ಬಂದರೂ ಹಣೆಗೆ ಕುಂಕುಮವಿಡದೆ, ಮುಡಿಗೆ ಹೂ ಕೊಡದೆ ಕೂರಿಸುವ ಮನೆಯಲ್ಲಿ ಮೂಕಾಂಬಿಕಾ ಬೆಳೆದವಳಲ್ಲ. ಪ್ರಯಾಣದಲ್ಲೂ ಕುಂಕುಮದ ಕರಡಿಗೆ ಅವಳ ಚೀಲದಲ್ಲಿರುತ್ತಿತ್ತು. ತಾಯಿಗೆ ಇಟ್ಟಳು, ಮಗಳಿಗೆ ಇಟ್ಟಳು. ಹೂವು ಬೇರೆ ತಂದಿರಲಿಲ್ಲ. ತನ್ನ ಮುಡಿಯಲ್ಲಿದ್ದ ಅಬ್ಬಲಿಗೆಯ ದಂಡೆಯನ್ನೇ ಬಿಚ್ಚಿ, ಎರಡು ಮಾಡಿ, ದೊಡ್ಡ ತುಂಡನ್ನು ಹುಡುಗಿಯ ಜಡೆಗೆ ಸಿಕ್ಕಿಸಿದಳು.

"ಚಂದ ಕಾಣ್ತು ಕೂಸೇ," ಎಂದಳು. ಹುಡುಗಿಯ ಕಿವಿ ಕೆಂಪಾಯಿತು.

ಕಮಲಿಯ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೋಡಿದ್ರಾ? ಹಿರಿಯವ್ಳ ಕೈಯಿಂದ್ಲೇ ಆತು. ಮುಡಿದ ಹೂವೇ ಬಂತು. ಇನ್ನೆಂತ ಬೇಕು?"

"ಮತ್ತೆ? ಓದಿದವ್ಳ ಮನಸು ದೊಡ್ಡದು ಹೇಳಿ ವಕೀಲರು ಹೇಳಿದ್ದು ಸುಳ್ಳಲ್ಲ," ಎಂದರು ಭಟ್ಟರು. ಕವಳದ ಸಂಚಿ ಬಿಚ್ಚುತ್ತ ಶಾಂತಾರಾಮನ ಕಡೆ ಬಾಗಿದರು. "ಹಾಂಗಾರೆ ಮಾಘದಲ್ಲೇ ಮುಗಿಸುವ. ದಿಲ್ಲಿಲಿ ಎಂತದೋ ಕಾಯ್ದೆ ಮಾಡ್ತವಡ, ಒಂದಕ್ಕಿಂತ ಹೆಚ್ಚು ಮದ್ವೆ ಆಗಲಾಗ ಹೇಳಿ. ಅದು ಬಪ್ಪದ್ರೊಳಗೆ ಆದ್ರೆ ಚೊಲೋ. ನಿಮಗೆ ನಾ ಕಾಯ್ದೆ ಹೇಳದಾ!"

ಅವರೇ ನಕ್ಕರು. ಶಾಂತಾರಾಮ ನಗಲಿಲ್ಲ. ಅಲ್ಲಗಳೆಯಲೂ ಇಲ್ಲ. ಕಂದೀಲಿನ ಬತ್ತಿಯನ್ನು ಇಳಿಸಿದ, ಮತ್ತೆ ಏರಿಸಿದ.

ಮೂಕಾಂಬಿಕೆಯ ಕಿವಿಯಲ್ಲಿ ಹುಟ್ಟಿನ ಸದ್ದಷ್ಟೇ ಉಳಿಯಿತು. ಈ ಸಲ ಮಾತು ತೂಗಲಿಲ್ಲ. ಬಂದದ್ದು ಅವಳಿಗೇ ಅಪರಿಚಿತವಾದ ಸಣ್ಣ ದನಿ.

"ನಾ ಒಪ್ಪಿ ಕೊಟ್ಟಿದ್ದಲ್ಲ. ಬಂದವ್ರಿಗೆ ಕೊಡ್ತ ಹಾಂಗೆ ಕೊಟ್ಟಿದ್ದು. ನಂಗೆ ಯಾರೂ ಹೇಳಿದ್ವಿಲ್ಲೆ."

"ಹೇಳದ್ದೇ ತಿಳ್ಕಂಡು ಕೊಟ್ಟೆ, ಅದೇ ಅಲ್ದ ದೊಡ್ಡದು?" ಎಂದಳು ಕಮಲಿಯ ತಾಯಿ. ಅವಳ ದನಿಯಲ್ಲಿ ಮೋಸವಿರಲಿಲ್ಲ. ನಿಜವಾಗಿ ಹಾಗೆಯೇ ನಂಬಿದ್ದಳು.

"ಅಂಬಿಗರೆದುರು ಇದೆಲ್ಲ ಎಂತಕ್ಕೆ," ಶಾಂತಾರಾಮ ತಗ್ಗಿದ ದನಿಯಲ್ಲಿ ಹೇಳಿದ. "ಬಿಡಾರಕ್ಕೆ ಹೋದ ಮೇಲೆ ಮಾತಾಡುವ. ಎಲೆ ಹಾಕು."

ಹೂವನ್ನು ವಾಪಸು ತೆಗೆದುಬಿಟ್ಟರೆ? ಎಲ್ಲರಿಗೂ ಅರ್ಥವಾಗುವ ಉತ್ತರ ಅದೊಂದೇ ಇತ್ತು. ಮೂಕಾಂಬಿಕೆಯ ಕೈ ಮೇಲೆದ್ದಿತು. ಮದುವೆಯಾಗಬೇಕಾದ ಹುಡುಗಿಯ ಮುಡಿಯಿಂದ ಹೂ ಕಿತ್ತ ಕೈಯನ್ನು ಊರು ಏನೆಂದು ಕರೆಯುತ್ತದೆಂದು ಅವಳಿಗೆ ಗೊತ್ತಿತ್ತು. ಆದರೂ ಕೈ ಹೋಯಿತು.

ಕಮಲಿ ಅದನ್ನು ನೋಡಿದಳು. ಹೂ ಜಾರಿದೆಯೇನೋ, ಸರಿಮಾಡಲು ಬರುತ್ತಿದ್ದಾಳೆ ಎಂದುಕೊಂಡಳು. ಅನುಕೂಲವಾಗಲೆಂದು ತಲೆ ಬಗ್ಗಿಸಿ, ಜಡೆಯನ್ನು ಮುಂದಕ್ಕೆ ಎಳೆದುಕೊಂಡು, ಹಾಗೇ ಕಾದಳು. ಎಣ್ಣೆ ಹಾಕಿ ನುಣ್ಣಗೆ ಬಾಚಿದ ಬೈತಲೆ. ಕುತ್ತಿಗೆಯ ಹಿಂದೆ ಸಣ್ಣ ಕೂದಲು ಬೆವರಿಗೆ ಅಂಟಿತ್ತು.

ಮೂಕಾಂಬಿಕಾ ದಂಡೆಯನ್ನು ಮುಟ್ಟಿದಳು. ಬೆರಳು ಸ್ವಲ್ಪ ಹೊತ್ತು ಅಲ್ಲೇ ನಿಂತವು. ಆಮೇಲೆ ಅದನ್ನು ಇನ್ನಷ್ಟು ಒಳಗೆ ಸಿಕ್ಕಿಸಿದಳು.

ಎಲೆ ಹಾಕಿದಳು. ಗಂಡಸರಿಗೆ ಬಡಿಸಿದಳು. ಪಾಯಸ ಚೆನ್ನಾಗಿದೆ ಎಂದು ಭಟ್ಟರು ಎರಡನೆಯ ಸಲ ಹಾಕಿಸಿಕೊಂಡರು. ಶಾಂತಾರಾಮ ಎಲೆಯಿಂದ ಕಣ್ಣೆತ್ತದೆ "ಸಾಕು" ಎಂದ; ಅವಳು ನಿಲ್ಲಿಸಿದಳು. ಹೆಂಗಸರ ಸರದಿ ಬಂದಾಗ ಕಮಲಿ ಅವಳ ಪಕ್ಕದಲ್ಲೇ ಬಂದು ಕುಳಿತಳು. ತುತ್ತು ಕಲಸಿದಳೇ ಹೊರತು ಬಾಯಿಗಿಡಲಿಲ್ಲ.

"ಅಕ್ಕಾ," ಎಂದಳು, ತಾಯಿಗೆ ಕೇಳದಷ್ಟು ಮೆಲ್ಲಗೆ. "ಧಾರವಾಡದಲ್ಲಿ ಹೊಳೆ ಇದ್ದಾ?"

"ಇಲ್ಲೆ."

"ಕೆರೆ?"

"ಕೆರೆ ಇದ್ದು. ಬ್ಯಾಸಿಗೆಲಿ ಬತ್ತಿ ಹೋಗ್ತು."

ಕಮಲಿ ಕೈ ತೊಳೆಯುವವಳಂತೆ ದೋಣಿಯ ಅಂಚಿಗೆ ಬಾಗಿ ಬಲಗೈಯನ್ನು ನೀರಿಗೆ ಇಳಿಸಿದಳು. ಅನ್ನದ ಅಗುಳುಗಳು ಬಿಟ್ಟುಕೊಂಡು ಹಿಂದೆ ಹೋದವು. ಕೈ ತೊಳೆದಾದ ಮೇಲೂ ಅವಳು ಅದನ್ನು ಮೇಲೆತ್ತಲಿಲ್ಲ. ಬಳೆಗಳು ಮುಳುಗುವಷ್ಟು ಇಳಿಬಿಟ್ಟುಕೊಂಡು ಕುಳಿತಿದ್ದಳು. ದೋಣಿ ಸಾಗಿದಂತೆ ಬೆಳದಿಂಗಳ ನೀರು ಅವಳ ಮಣಿಕಟ್ಟಿನ ಹತ್ತಿರ ಸೀಳಿ, ಅಲ್ಲೇ ಮತ್ತೆ ಕೂಡಿಕೊಳ್ಳುತ್ತಿತ್ತು.