ಮಾಲ್ಖಾಜನ ಕೆಳದನಿ

ಮಾಲ್ಖಾಜ್ ನಮ್ಮ ಮನೆಗೆ ಬಂದದ್ದು ಬಚ್ಚಲಿಗೆ ಟೈಲ್ಸ್ ಹಾಕಲು. ಜಾರ್ಜಿಯಾ ದೇಶದ ಬೆಟ್ಟದೂರಿನವನು, ನಲವತ್ತರ ಆಸುಪಾಸಿನ ದಪ್ಪ ಮೀಸೆಯ ಆಳು. ಅಡುಗೆಮನೆಯ ರೇಡಿಯೋದಲ್ಲಿ ಯಾವ ಹಾಡು ಬರಲಿ, ಅದರ ಕೆಳಗೆ ತನ್ನದೊಂದು ದನಿ ಸೇರಿಸುತ್ತಿದ್ದ. ಪದ ಗೊತ್ತಿಲ್ಲದಿದ್ದರೂ ಸರಿ, ಬರೀ 'ಓ' ಎಂದು ಹಿಡಿದುಕೊಂಡರೆ ಬಾಗಿಲ ಗಾಜು ಗುಂಯ್ಗುಟ್ಟುತ್ತಿತ್ತು.

ಅದು ಜುಲೈ ತಿಂಗಳು. ಇಲ್ಲಿ ಇಂಗ್ಲೆಂಡಿನ ದೊಡ್ಡ ಸಂಗೀತಭವನ ಆಲ್ಬರ್ಟ್ ಹಾಲಿನಲ್ಲಿ ಬೇಸಿಗೆಯ ಸಂಗೀತ ಕಛೇರಿಗಳು ಶುರುವಾಗಿದ್ದವು. ಶಾಲೆಯ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಕಾಲದಿಂದಲೂ ನಾನು ಅಲ್ಲಿ ನಿಂತು ಕೇಳುವವಳು.

"ನೀನೂ ಬಾರಪ್ಪ," ಅಂದೆ. "ಆದ್ರೆ ಕೂರೋಕೆ ಕುರ್ಚಿ ಇರಲ್ಲ, ಪೂರ್ತಿ ನಿಂತೇ ಕೇಳ್ಬೇಕು."

"ಇಡೀ ದಿನ ಮಂಡಿಯೂರಿ ಕೂತಿರೋನು ನಾನು, ಮೇವಿಸ್ ಅಮ್ಮ. ನಿಲ್ಲೋದಂದ್ರೆ ನನಗೆ ರಜಾ ಇದ್ದಂಗೆ."

ಬಂದ. ಮತ್ತೆ ಮತ್ತೆ ಬಂದ. ಕೆಲಸ ಮುಗಿಸಿ, ಕೈಗೆ ಮೆತ್ತಿದ ಸಿಮೆಂಟು ತೊಳೆದುಕೊಂಡು, ಚೀಸ್ ತುಂಬಿದ ರೊಟ್ಟಿಯ ಪೊಟ್ಟಣ ಹಿಡಿದು ಸರದಿಯಲ್ಲಿ ನಿಲ್ಲುತ್ತಿದ್ದ. ಬೇಸಿಗೆಯಲ್ಲಿ ಸಾಕಷ್ಟು ಸಲ ಬಂದವರಿಗೆ ಕೊನೆಯ ರಾತ್ರಿಯ ಟಿಕೆಟ್ ಸಿಗುತ್ತದೆ. ಹಾಗೆ ಅವನಿಗೂ ಸಿಕ್ಕಿತು.

ನಮ್ಮ ಸರದಿಗೆ ಯಜಮಾನನೆಂದು ಯಾರೂ ನೇಮಿಸದಿದ್ದರೂ ಯಜಮಾನನಾಗಿದ್ದವನು ಕ್ಲಿಫರ್ಡ್ ಗಾರ್ಸೈಡ್. ರೈಲಿನ ಗಾರ್ಡ್ ಆಗಿ ನಿವೃತ್ತನಾದವನು. ವೇದಿಕೆಯ ಮುಂದಿನ ಕಂಬಿಯ ಎಡತುದಿ ಅವನ ಜಾಗ. ಅಲ್ಲಿ ಬೇರೆ ಯಾರಾದರೂ ನಿಂತರೆ ಏನೂ ಅನ್ನುವುದಿಲ್ಲ, ಪಕ್ಕದಲ್ಲಿ ನಿಂತು ಕೆಮ್ಮುತ್ತಾನೆ, ಅಷ್ಟೆ. ಮಾಲ್ಖಾಜನ ರೊಟ್ಟಿ ತಿನ್ನುತ್ತಿದ್ದ, ಆದರೆ ಮಾಲ್ಖಾಜನನ್ನು ಇನ್ನೂ ಒಪ್ಪಿರಲಿಲ್ಲ.

ಕೊನೆಯ ರಾತ್ರಿಯ ಕಛೇರಿಯ ದಿನ ಮಧ್ಯಾಹ್ನ ಸರದಿಯಲ್ಲಿ ಸಂತೆಯಂತೆ ಜನ. ಆ ರಾತ್ರಿ ಬಾವುಟ, ಬಲೂನು, ಹಾರ್ನು ತಂದು, ಗಲಾಟೆ ಮಾಡುತ್ತಲೇ ದೇಶದ ಹಾಡು ಹಾಡುವುದು ವಾಡಿಕೆ. ಕ್ಲಿಫರ್ಡ್ ಬಾವುಟದ ಬಟ್ಟೆಯಲ್ಲಿ ಹೊಲಿಸಿದ ವೇಸ್ಟ್‌ಕೋಟ್ ತೊಟ್ಟಿದ್ದ. ಮಾಲ್ಖಾಜ್ ತನ್ನ ಮದುವೆಯ ಸೂಟಿನಲ್ಲಿ ಬಂದಿದ್ದ.

"ನೋಡಪ್ಪಾ," ಕ್ಲಿಫರ್ಡ್ ಬೆರಳು ಮಡಚುತ್ತ ಪಾಠ ಶುರು ಮಾಡಿದ. "ಹಡಗಿನವರ ಹಾಡುಗಳು ಬಂದಾಗ ಮಂಡಿ ಬಗ್ಗಿಸ್ಬೇಕು. ಹಾರ್ನ್ ಒತ್ತೋದು ವಾದ್ಯದವರು ಕುಣಿತದ ಮಟ್ಟು ಎತ್ತಿಕೊಂಡ್ಮೇಲೆ, ಅದಕ್ಕೂ ಮುಂಚೆ ಅಲ್ಲ. ಆ ದೊಡ್ಡ ಪಿಟೀಲು, ಚೆಲ್ಲೋ, ಒಂದೇ ನುಡಿಯೋವಾಗ ಅಳ್ಬೇಕು."

"ಅಳೋದಕ್ಕೂ ಟೈಮ್ ಇದ್ಯಾ?"

"ಇದೆ ಮತ್ತೆ. ಮುಂಚೆ ಅತ್ರೆ ಹೊಸಬ ಅಂತ ಗೊತ್ತಾಗುತ್ತೆ. ಅದಿರ್ಲಿ, ನಿನ್ನ ಬಾವುಟ ಎಲ್ಲಿ?"

ಮಾಲ್ಖಾಜ್ ಕೋಟಿನೊಳಗಿಂದ ತನ್ನ ದೇಶದ ಬಾವುಟ ತೆಗೆದು ಬಿಡಿಸಿದ. ಬಿಳಿಯ ಮೇಲೆ ದೊಡ್ಡದೊಂದು ಕೆಂಪು ಶಿಲುಬೆ, ಮೂಲೆಗೊಂದು ಚಿಕ್ಕ ಶಿಲುಬೆ.

ಕ್ಲಿಫರ್ಡ್ ಕನ್ನಡಕ ಸರಿಮಾಡಿಕೊಂಡ. "ಏನಯ್ಯಾ, ಇದರೊಳಗೆ ನಮ್ಮ ಇಂಗ್ಲೆಂಡಿನ ಶಿಲುಬೆ ಇದೆ!"

"ನಿಮ್ಮದು ಒಂದು, ಯಜಮಾನರೇ. ನಮ್ಮದು ಐದು."

ಸರದಿಯವರೆಲ್ಲ ಗೊಳ್ಳೆಂದರು. ಕ್ಲಿಫರ್ಡ್ ನಗಲಿಲ್ಲ.

ಒಳಗೆ ಮಾಲ್ಖಾಜ್ ನಮ್ಮಿಬ್ಬರ ನಡುವೆ ನಿಂತ. ಮೊದಲ ಭಾಗವನ್ನು ಕಣ್ಣು ಮುಚ್ಚಿ ಕೇಳಿದ. ಎರಡನೆಯ ಭಾಗದಲ್ಲಿ ಬಲೂನು ಹಾರಿದವು, ಬಣ್ಣದ ಕಾಗದದ ಸುರುಳಿಗಳು ವಯಲಿನ್‌ಗಳ ಮೇಲೆ ಬಿದ್ದವು. ಅವನು ನಗುತ್ತಲೇ ಇದ್ದ. ಆಮೇಲೆ ಹಡಗಿನವರ ಹಾಡುಗಳು ಬಂದವು, ಚೆಲ್ಲೋ ಒಂಟಿಯಾಗಿ ಎದ್ದಿತು. ಸತ್ತ ನಾವಿಕನೊಬ್ಬನ ಹಾಡು ಅದು. ಎಳೆ ವಯಸ್ಸಿನ ಹೆಂಗಸೊಬ್ಬಳು ತುಂಬ ಚೆನ್ನಾಗಿ ನುಡಿಸುತ್ತಿದ್ದಳು. ಕಂಬಿಯ ಉದ್ದಕ್ಕೂ ಕರವಸ್ತ್ರಗಳು ಹೊರಬಂದವು. ಊಂ ಊಂ ಎಂದು ಹುಸಿ ಅಳು. ಕ್ಲಿಫರ್ಡ್ ತಂದದ್ದು ಕರವಸ್ತ್ರವಲ್ಲ, ಮೇಜಿಗೆ ಹಾಸುವ ಬಟ್ಟೆ. ಅದರಲ್ಲಿ ಮೂಗು ಸೀಟಿದಂತೆ ದೊಡ್ಡ ಸದ್ದು ಮಾಡಿದ.

ಮಾಲ್ಖಾಜ್ ಗಕ್ಕನೆ ಕೈ ಚಾಚಿ ಆ ಬಟ್ಟೆ ಕಿತ್ತುಕೊಂಡ. ಅವನ ಮುಖ ಕೆಂಪೇರಿತ್ತು.

"ಆಯಮ್ಮ ಸತ್ತೋನಿಗೋಸ್ಕರ ನುಡಿಸ್ತಿದ್ದಾಳೆ. ನೀವು ಅಣಕ ಮಾಡ್ತೀರಾ? ನಮ್ಮೂರಲ್ಲಾದ್ರೆ ಹಿಡಿದು ಆಚೆಗೆ ಹಾಕೋರು!"

ಕ್ಲಿಫರ್ಡ್ ತನ್ನ ಖಾಲಿ ಕೈ ನೋಡಿಕೊಂಡ. ಅವನ ಕೈಯಿಂದ ಏನನ್ನಾದರೂ ಕಿತ್ತುಕೊಂಡವರನ್ನು ನಾನಂತೂ ನೋಡಿರಲಿಲ್ಲ. ಕೊನೆಗೆ ಪಿಸುಗುಟ್ಟಿದ: "ಅವಳನ್ನ ನೋಡು ಒಂದ್ಸಲ."

ಚೆಲ್ಲೋದವಳು ಕೊನೆಯ ಸ್ವರ ಮುಗಿಸಿ, ಅಂಗಿಯ ತೋಳಿನೊಳಗಿಂದ ತನ್ನದೇ ಕರವಸ್ತ್ರ ಎಳೆದು, ಚೆಲ್ಲೋವಿನ ಕಣ್ಣೊರೆಸುವಂತೆ ಅದರ ಮೈಯೊರೆಸಿದಳು. ಇಡೀ ಸಭೆಯೇ ನಕ್ಕು ಚಪ್ಪಾಳೆ ತಟ್ಟಿತು. ಮಾಲ್ಖಾಜ್ ಕೈಯಲ್ಲಿದ್ದ ಬಟ್ಟೆಯನ್ನು ನಾಲ್ಕಾಗಿ ಮಡಚಿ ಕ್ಲಿಫರ್ಡನಿಗೆ ವಾಪಸ್ಸು ಕೊಟ್ಟ.

ಆಮೇಲಿನ ದೊಡ್ಡ ದೇಶದ ಹಾಡುಗಳಿಗೆ ಸಾವಿರಾರು ಗಂಟಲು ಸೇರಿ ಛಾವಣಿ ನಡುಗಿತು. ನನ್ನ ಪಕ್ಕದಲ್ಲಿ ಮಾತ್ರ ಮಾಲ್ಖಾಜ್ ಬಾಯಿ ಮುಚ್ಚಿ ನಿಂತಿದ್ದ. ಕರೆತಂದು ತಪ್ಪು ಮಾಡಿದೆನೇನೋ ಅನ್ನಿಸಿತು.

"ಮನೆಗೆ ಹೋಗೋಣ್ವಾ?" ಅಂದೆ.

"ಬೇಡಮ್ಮ. ಹೊಟ್ಟೆ ತುಂಬೋ ಮೊದ್ಲು ಏಳೋದು ಅತಿಥಿಗೆ ಲಕ್ಷಣ ಅಲ್ಲ."

ಕೊನೆಯಲ್ಲಿ ವಾದ್ಯದವರು ಕಮಾನು ಕೆಳಗಿಟ್ಟ ಮೇಲೆ ನಾವೇ ಹಾಡುವ ಹಾಡೊಂದಿದೆ, ಹಳೆಯ ಗೆಳೆಯರನ್ನು ಬೀಳ್ಕೊಡುವ ಹಾಡು. ಎಲ್ಲರೂ ತೋಳು ಅಡ್ಡ ಹಾಕಿ ಪಕ್ಕದವರ ಕೈ ಹಿಡಿಯಬೇಕು. ಕ್ಲಿಫರ್ಡ್ ಬೇರೆ ದಾರಿಯಿಲ್ಲದೆ ಮಾಲ್ಖಾಜನ ಕೈ ಹಿಡಿದ. ನಮ್ಮ ಕಡೆ ಹಾಡು ಎತ್ತಿಕೊಡುವವನು ಅವನೇ. ಆ ರಾತ್ರಿ ಕೋಪಕ್ಕೋ ಏನೋ, ತೀರಾ ಮೇಲಿನ ಶ್ರುತಿಯಲ್ಲಿ ಎತ್ತಿಬಿಟ್ಟ. ಮೇಲಿನ ಗ್ಯಾಲರಿಯವರು ಬೇರೆಯೇ ಶ್ರುತಿಯಲ್ಲಿದ್ದರು. ಎರಡನೆಯ ಸಾಲಿಗೇ ಅವನ ದನಿ ಒಡೆಯಿತು, ನಾವೆಲ್ಲ ಅತ್ತ ಇತ್ತ ಜಾರತೊಡಗಿದೆವು.

ಆಗ ಮಾಲ್ಖಾಜ್ ಬಾಯಿ ತೆರೆದ.

ಪದವಿಲ್ಲ, ಬರೀ 'ಓ'. ಗ್ಯಾಲರಿಯವರ ಶ್ರುತಿಯನ್ನೇ ಹಿಡಿದು, ಅದರ ಅಡಿಯಲ್ಲಿ, ಆತುರವಿಲ್ಲದೆ, ತನ್ನ ಮನೆಯ ಊಟದ ಮೇಜಿನಲ್ಲಿ ಕೂತವನಂತೆ ಹಾಡಿದ. ಅವನ ಕೈ ಹಿಡಿದಿದ್ದ ನನ್ನ ಮೊಣಕೈವರೆಗೂ ಆ ದನಿ ನಡುಗಿತು. ಮುಂದಿದ್ದ ಇಬ್ಬರು ತಿರುಗಿ ನೋಡಿದರು, ನೋಡುತ್ತಲೇ ಶ್ರುತಿಗೆ ಬಂದರು. ಅವರ ಹಿಂದೆ ನಾವು, ನಮ್ಮ ಹಿಂದಿನವರು. ಕ್ಲಿಫರ್ಡ್ ಕೆಮ್ಮಿ, ಕೆಳಗಿನ ಶ್ರುತಿಗೆ ಇಳಿದು ಬಂದು ಸೇರಿಕೊಂಡ. ಕೊನೆಯ ಸಾಲಿಗೆ ಇಡೀ ಸಭೆ ಒಂದೇ ಶ್ರುತಿಯಲ್ಲಿ ನಿಂತಿತ್ತು.

ಹೊರಗೆ ಮೆಟ್ಟಿಲ ಮೇಲೆ ಕ್ಲಿಫರ್ಡ್ ಅವನನ್ನು ತಡೆದ. "ಅದೇನಪ್ಪಾ ನೀನು ಹಾಡಿದ್ದು? ಆ ಹಾಡಲ್ಲಿ ಅದಿಲ್ಲ."

"ಇದೆ. ಯಾರೂ ಹಾಡ್ತಿರ್ಲಿಲ್ಲ, ಅಷ್ಟೆ."

"ನಮ್ಮ ಹಾಡನ್ನ ನಮಗೇ ಹೇಳಿಕೊಡ್ತೀಯಾ?"

"ಬೇಕಾದ್ರೆ ಹೇಳಿಕೊಡ್ತೀನಿ," ಅಂದ ಮಾಲ್ಖಾಜ್. ಆಮೇಲೆ ದನಿ ತಗ್ಗಿಸಿ, "ಬಟ್ಟೆ ಕಿತ್ಕೊಂಡಿದ್ದು ತಪ್ಪಾಯ್ತು, ಯಜಮಾನರೇ," ಅಂದ.

ಕ್ಲಿಫರ್ಡ್ ಆ ಮೇಜಿನ ಬಟ್ಟೆಯನ್ನು ಜೇಬಿಗೆ ತುರುಕಿದ. "ನಮಗೆ ದೇಶ ಅಂದ್ರೆ ಪ್ರೀತಿ ಅಂತ ನೆಟ್ಟಗೆ ನಿಂತು ಹೇಳೋಕೆ ನಾಚಿಕೆ ಕಣಯ್ಯ. ಅದಕ್ಕೇ ಈ ಬಲೂನು, ಹಾರ್ನು ಎಲ್ಲಾ."

"ನಮಗೆ ನಾಚಿಕೆನೇ ಇಲ್ಲ. ಅದಕ್ಕೇ ನಮ್ಮ ಔತಣ ಬೆಳಗಾದ್ರೂ ಮುಗಿಯಲ್ಲ."

ಈ ಸಲ ಕ್ಲಿಫರ್ಡ್ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. ಬಸ್ ನಿಲ್ದಾಣಕ್ಕೆ ಮೂವರೂ ಒಟ್ಟಿಗೇ ನಡೆದೆವು. ಅಲ್ಲಿ ಬೆಂಚಿನ ಮೇಲೆ ಕೂತು ಕ್ಲಿಫರ್ಡನೇ ಕೇಳಿದ: "ಎಲ್ಲಿ, ತೋರಿಸು."

ನಾನು ಮಟ್ಟು ಹಿಡಿದೆ, ಮಾಲ್ಖಾಜ್ ಅಡಿದನಿ ತೋರಿಸಿದ, ಕ್ಲಿಫರ್ಡ್ ಅದನ್ನು ಹಿಂಬಾಲಿಸಲು ತಡಕಾಡಿದ. ಎರಡು ಸ್ವರ ಸರಿಯಾಗಿ ಹಾಡುತ್ತಿದ್ದ, ಮೂರನೆಯದಕ್ಕೆ ಅಭ್ಯಾಸಬಲದಿಂದ ನನ್ನ ಕಡೆ ಹತ್ತಿಬಿಡುತ್ತಿದ್ದ.

"ಮೇಲಕ್ಕೆ ಹೋಗ್ಬೇಡಿ ಯಜಮಾನರೇ. ಅಲ್ಲಿ ಆಗ್ಲೇ ತುಂಬ ಜನ ಇದ್ದಾರೆ."

"ಸರಿ ಕಣಯ್ಯ, ಮೊದ್ಲಿಂದ."

ನಮ್ಮ ಬಸ್ಸು ಬಂತು. ಬಾಗಿಲು ತೆರೆದು ಕಾಯಿತು. ಕ್ಲಿಫರ್ಡ್ ಚಾಲಕನಿಗೆ ಹೋಗೆಂದು ಕೈ ಬೀಸಿ, ಎದೆ ಸೆಟೆಸಿ, ಮತ್ತೆ 'ಓ' ಎಂದ.