ಬಿಸಿನೀರಿನ ತೊಟ್ಟಿಯ ಮಡಿ

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಸುರಪುರದ ಚಂದ್ರಾಮಪ್ಪ ಏಪ್ರಿಲ್ ತಿಂಗಳಲ್ಲಿ ಬಿಸಿನೀರಿನ ತೊಟ್ಟಿ ತಂದ. ಹೊರಗೆ ನಲವತ್ಮೂರು ಡಿಗ್ರಿ ಬಿಸಿಲು, ನಾಯಿಗಳು ಚರಂಡಿಯಲ್ಲಿ ಮಲಗುತ್ತಿದ್ದವು. ಈ ಮಹಾರಾಯ ಹೈದರಾಬಾದಿನ ಹೋಟೆಲಿನಲ್ಲಿ ಯಾರೋ ಬಿಸಿನೀರಿನಲ್ಲಿ ಕುಂತದ್ದನ್ನು ನೋಡಿಬಂದು, ಅಂಥದೇ ತೊಟ್ಟಿಯನ್ನು ಮನೆಯ ಹಿತ್ತಲಲ್ಲಿ ಕೂರಿಸಿದ. ಕಾಲುವೆ ಬಂದು ಹೊಲ ಗದ್ದೆಯಾಗಿತ್ತು, ಗದ್ದೆ ಅಕ್ಕಿಗಿರಣಿಯಾಗಿತ್ತು. ಇನ್ನು ಗಿರಣಿ ಏನಾದರೂ ಆಗಲೇಬೇಕಲ್ಲ!

ತೊಟ್ಟಿ ತಂದವರು ಒಂದು ದಿನ ನಿಂತು ಎಲ್ಲ ತೋರಿಸಿ ಹೋದರು. ಎಂಟೇ ದಿನಕ್ಕೆ ನೀರು ಪಾಚಿಗಟ್ಟಿತು. ಆಗ ಚಂದ್ರಾಮಪ್ಪ ದೇವಾಪುರದ ಅಮೃತಮ್ಮನನ್ನು ಕರೆಸಿದ. ಅಮೃತಮ್ಮ ಇಪ್ಪತ್ತೆರಡು ವರ್ಷ ಸುರಪುರ ಪಟ್ಟಣದ ನೀರು ಸೋಸುವ ಮನೆಯಲ್ಲಿ ದುಡಿದವಳು. ಮಳೆಗಾಲದ ಕೆಂಪು ಕಾಲುವೆ ನೀರಿಗೆ ಎಷ್ಟು ಪಟಿಕ ಹಾಕಿದರೆ ಮಣ್ಣು ತಳಕ್ಕೆ ಕೂರುತ್ತದೆ, ಎಷ್ಟು ಬ್ಲೀಚಿಂಗ್ ಬಿದ್ದರೆ ಹುಳ ಸತ್ತು ಮನುಷ್ಯ ಬದುಕುತ್ತಾನೆ, ಎಲ್ಲ ಅವಳ ಕೈಗೆ ಗೊತ್ತಿತ್ತು. ಅವಳಿಗೆ ಇದ್ದ ಆಸ್ತಿಯೆಂದರೆ ಒಂದೇ ಮಾತು: ಅಮೃತಮ್ಮನ ನೀರು ಕುಡಿದು ಯಾರೂ ಹಾಸಿಗೆ ಹಿಡಿದಿಲ್ಲ.

ತೊಟ್ಟಿಯ ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ದಿನಾ ಬೆಳಿಗ್ಗೆ ಕಾಗದದ ಪಟ್ಟಿಯನ್ನು ನೀರಿಗೆ ಅದ್ದಿ ಬಣ್ಣ ನೋಡುವುದು, ಅದು ಹೇಳಿದಷ್ಟು ಕ್ಲೋರಿನ್ ಹಾಕುವುದು, ವಾರಕ್ಕೊಮ್ಮೆ ನೀರು ಸೋಸುವ ಜಾಳಿಗೆಯನ್ನು ಬಿಚ್ಚಿ ತೊಳೆಯುವುದು, ಮೇಲೆ ಮುಚ್ಚಳ ಮುಚ್ಚುವುದು. ಮೊದಲ ದಿನವೇ ಅವಳು ಕಡ್ಡಿ ಮುರಿದಂತೆ ಹೇಳಿದ್ದಳು.

“ಇಳಿಯೂದಕ್ಕ ಮೊದಲ ಸಾಬೂನು ಹಚ್ಚಿ ಜಳಕ ಮಾಡ್ರಿ. ಎಣ್ಣಿ ಹಚ್ಕೊಂಡು ಇಳಿಬ್ಯಾಡ್ರಿ. ನೀರು ಕೆಡತೈತಿ.”

ಚಂದ್ರಾಮಪ್ಪನ ಮೀಸೆ ನೆಟ್ಟಗಾಯಿತು. “ನಮಗ ಜಳಕ ಕಲಿಸಾಕ ಬಂದೀಯೇನ? ಅದೂ ನೀನು?”

ಆ ‘ನೀನು’ ಯಾವ ಓಣಿಯತ್ತ ಬೆರಳು ಮಾಡಿತೆಂದು ಅವಳಿಗೆ ಗೊತ್ತಿತ್ತು. ಬಾಬಾಸಾಹೇಬರ ಫೋಟೊ ಇರುವ ಮನೆಯ ಹೆಣ್ಣುಮಗಳು ಅವನಿಗೆ ಸ್ವಚ್ಛತೆ ಹೇಳುವುದೆಂದರೇನು! ಅಂದಿನಿಂದ ಅವನು ಹಟಕ್ಕೆಂಬಂತೆ ಅಂಗೈ ತುಂಬ ಕೊಬ್ಬರಿ ಎಣ್ಣೆ ತಿಕ್ಕಿಕೊಂಡೇ ಇಳಿದ. ಹಿಂದೆಯೇ ಹೆಂಡತಿ ಅರಿಶಿನದೊಂದಿಗೆ, ತಾಯಿ ವಿಭೂತಿಯೊಂದಿಗೆ. ಮನೆಮಂದಿಯೆಲ್ಲ ಎದ್ದುಹೋದ ಮೇಲೆ ನೀರಿಗೊಂದು ಒಗ್ಗರಣೆ ಹಾಕಿದ್ದರೆ ಸಾರಾಗುತ್ತಿತ್ತು.

ಅಷ್ಟರಲ್ಲಿ ಶಹಾಪುರದ ಮರಿಲಿಂಗಪ್ಪ ಎಂಬ ದೊಡ್ಡ ಕುಳ, ಚಂದ್ರಾಮಪ್ಪನ ಮಗಳನ್ನು ತನ್ನ ಮಗನಿಗೆ ತಂದುಕೊಳ್ಳುವ ಮಾತಿಗೆ ಬರುತ್ತೇನೆಂದ. ಬೀಗರಿಗೆ ತೊಟ್ಟಿ ತೋರಿಸದೆ ಇರಲಾದೀತೆ? ಆ ದಿನ ಬೆಳಿಗ್ಗೆ ಮುಚ್ಚಳ ತೆಗೆದರೆ ನೀರು ಮಜ್ಜಿಗೆಯಂತೆ ಬೆಳ್ಳಗಿತ್ತು, ಮೇಲೆ ನೊರೆ.

“ಕಳ್ಳತನದಾಗ ನೀನೇ ಇಳದಿರಬೇಕು,” ಎಂದ ಚಂದ್ರಾಮಪ್ಪ, ಆಳುಗಳ ಎದುರಿಗೇ. “ನಿಮ್ಮ ಮಂದಿನ್ನ ಒಳಗ ಬಿಟ್ಟದ್ದ ನಂದು ತಪ್ಪು.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗಿತ್ತು ಇವನ ಮಾತು. ಅಮೃತಮ್ಮನ ಮೈಯೆಲ್ಲ ಉರಿಯಿತು. “ನಾ ಇಳದಿಲ್ರಿ. ಇದು ನಿಮ್ಮ ಎಣ್ಣಿ,” ಎಂದು ಜಾಳಿಗೆ ಬಿಚ್ಚಿ ಅವನ ಮೂಗಿನ ಕೆಳಗೆ ಹಿಡಿದಳು. ಅವನು ಮುಖ ತಿರುಗಿಸಿದ. ಅವಳು ಕೆಲಸ ಬಿಟ್ಟು ಹೋಗಬಹುದಿತ್ತು. ಆದರೆ ಹಾಗೆ ಹೋದರೆ, ಅಮೃತಮ್ಮ ನೀರು ಕೆಡಿಸಿ ಓಡಿದಳೆಂಬ ಮಾತು ಊರಿನಲ್ಲಿ ಉಳಿಯುತ್ತದೆ. ಅದನ್ನು ಮಾತ್ರ ಅವಳು ಸಹಿಸುವವಳಲ್ಲ. ನೀರೆಲ್ಲ ಹೊರಬಿಟ್ಟಳು, ತೊಟ್ಟಿಯ ಗೋಡೆ ಉಜ್ಜಿದಳು, ಜಾಳಿಗೆ ತೊಳೆದಳು. ಮಾಳಿಗೆಯ ಟ್ಯಾಂಕಿನ ನೀರು ಬಿಸಿಲಿಗೇ ಕಾದಿತ್ತು, ಅದನ್ನು ತುಂಬಿಸಿ ಅಳತೆಯಂತೆ ಕ್ಲೋರಿನ್ ಹಾಕಿದಳು. ಸಂಜೆ ನಾಲ್ಕಕ್ಕೆ ತಳದ ಸ್ಕ್ರೂ ಕೂಡ ಎಣಿಸುವಂತಿತ್ತು.

ಅವಳು ಬೇವಿನ ನೆರಳಲ್ಲಿ ಎರಡು ರೊಟ್ಟಿ ತಿಂದು ಬರುವಷ್ಟರಲ್ಲಿ ಚಂದ್ರಾಮಪ್ಪ ತೊಟ್ಟಿಗೆ ಕೊಡ ಬೋರಲು ಹಾಕುತ್ತಿದ್ದ. ಅದು ಎರಡನೆಯ ಕೊಡ. ಗೋಮೂತ್ರ.

“ಅಯ್ಯ, ಏನ್ ಮಾಡಾಕತ್ತೀರಿ! ಕ್ಲೋರಿನ್ನಿಗೂ ಅದಕ್ಕೂ ಆಗಂಗಿಲ್ಲ. ಘಾಟು ಏಳತೈತಿ, ಕಣ್ಣು ಉರಿತಾವ. ನೀರು ಬಿಟ್ಟು ಮತ್ತ ತುಂಬತೀನಿ, ತಡಿರಿ.”

“ನೀ ಮುಟ್ಟಿದ ನೀರಿಗಿ ಬೀಗರನ್ನ ಹಂಗ ಇಳಸಲೇನು? ಶುದ್ಧ ಮಾಡೀನಿ. ಬಾಯಿ ಮುಚಗೊಂಡು ನಿಂದ್ರು.”

ಶುದ್ಧವಂತೆ! ಇಪ್ಪತ್ತೆರಡು ವರ್ಷ ಇವನೂ ಇವನ ಹೆಂಡತಿ ಮಕ್ಕಳೂ ಕುಡಿದದ್ದು ಅವಳು ಸೋಸಿದ ನೀರನ್ನೇ. ಕಣ್ಣೆದುರು ಇಲ್ಲದ ಕೈಗೆ ಮೈಲಿಗೆ ಇರುವುದಿಲ್ಲವೇನೋ.

ಐದು ಗಂಟೆಗೆ ಬೀಗರು ಬಂದರು. ಹಳದಿಗೆ ತಿರುಗಿದ್ದ ನೀರು ಕಾಣದಿರಲೆಂದು ಚಂದ್ರಾಮಪ್ಪ ಗುಳ್ಳೆ ಏಳಿಸುವ ಗುಂಡಿ ಒತ್ತಿ, ಬಣ್ಣದ ದೀಪ ಹಚ್ಚಿದ. “ಮೊದಲ ನೀವ ಇಳೀರಿ, ಬೀಗ್ರ,” ಎಂದು ಉಪಚಾರ ಮಾಡಿದ. ಮರಿಲಿಂಗಪ್ಪ ಕುತ್ತಿಗೆಯವರೆಗೆ ಮುಳುಗಿ ಹಲ್ಲು ಕಿರಿದ. ಗುಳ್ಳೆಗಳ ಜೊತೆಗೆ ಘಾಟೂ ಎದ್ದಿತು. ಎರಡೇ ನಿಮಿಷದಲ್ಲಿ ಅವನು ಕೆಮ್ಮತೊಡಗಿದ, ಕಣ್ಣು ಮೆಣಸಿನಕಾಯಿಯಾದವು. ತಡಕಾಡುತ್ತ ಎದ್ದು ಹೊರಗೆ ಬಂದು ಟವೆಲ್ಲಿನಲ್ಲಿ ಮುಖ ಒತ್ತಿಕೊಂಡ.

“ಏನ್ ಹಾಕೀರಿ ಇದರಾಗ?”

ಚಂದ್ರಾಮಪ್ಪ ಅಮೃತಮ್ಮನ ಕಡೆ ವಾಲಿ ಪಿಸುಗುಟ್ಟಿದ. “ಔಷಧಿ ಜಾಸ್ತಿ ಆತು ಅನ್ನು. ಕೆಲಸ ಕಾಯಂ ಮಾಡತೀನಿ.”

ಕೆಲಸ ಬೇಕಾಗಿತ್ತು, ನಿಜ. ಆದರೆ ಈ ಕೆಟ್ಟ ನೀರು ತನ್ನದೆಂದು ಇವತ್ತು ಒಪ್ಪಿದರೆ ಇಪ್ಪತ್ತೆರಡು ವರ್ಷದ ಒಳ್ಳೆಯ ನೀರೆಲ್ಲ ಚರಂಡಿಗೆ ಹೋದಂತೆ. ಅವಳು ಮುಂದೆ ಬಂದು ನಿಂತಳು.

“ಔಷಧಿ ನಾ ಹಾಕೀನ್ರಿ, ಅಳತಿ ಪ್ರಕಾರ. ಆಕಳ ಉಚ್ಚಿ ಸಾವ್ಕಾರ್ರು ಹಾಕ್ಯಾರ. ಎರಡು ಕೊಡ.”

ಮರಿಲಿಂಗಪ್ಪ ಟವೆಲ್ ಕೆಳಗಿಳಿಸಿದ. “ಯಾಕ?”

“ನಾ ಮುಟ್ಟೀನಂತ.”

ಮರಿಲಿಂಗಪ್ಪನೇನು ಬಸವಣ್ಣನಲ್ಲ. ಅವಳು ಮುಟ್ಟಿದ್ದರ ಬಗ್ಗೆ ಅವನಿಗೂ ತಕರಾರಿದ್ದೀತು. ಆದರೆ ಪೂಜೆಯ ದಿನ ಅಂಗೈಯಲ್ಲಿ ಒಂದು ಹನಿ ತಗೊಳ್ಳುವುದು ಬೇರೆ, ಕುತ್ತಿಗೆಯವರೆಗೆ ಕೂರುವುದು ಬೇರೆ. “ಥೂ!” ಎಂದು ಉಗುಳಿದ.

“ಅದು ಪವಿತ್ರ ಐತ್ರಿ, ಬೀಗ್ರ,” ಎಂದು ಚಂದ್ರಾಮಪ್ಪ ತೊದಲಿದ.

“ಹೌದಲ್ರಿ, ನೀವ ಶುದ್ಧ ಮಾಡೀರಿ,” ಎಂದಳು ಅಮೃತಮ್ಮ, ಎಲ್ಲರಿಗೂ ಕೇಳುವಂತೆ. “ಹಂಗಾರ ಇಳೀರಿ. ಬೀಗ್ರು ನೋಡಲಿ.”

ಎಲ್ಲರೂ ಅವನತ್ತ ತಿರುಗಿದರು. ಚಂದ್ರಾಮಪ್ಪ ಅಂಗಿಯ ಗುಂಡಿಗೆ ಕೈ ಹಾಕಿದ. ನೀರು ನೋಡಿದ. ಗುಂಡಿಯಿಂದ ಕೈ ತೆಗೆದ.

ಇಳಿಯಲಿಲ್ಲ.